ಕಡಲ ಕರೆಯ ಜಾಗ, ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸುರತ್ಕಲ್ಲಿನಿಂದ ಬಡಗಕ್ಕೆ ಮುಕ್ಕ, ಸಸಿಹಿತ್ಲು, ಹಳೆಯಂಗಡಿ, ಮೂಲ್ಕಿಯವರೆಗಿನ ಕರಾವಳಿ ಈಗ ಮಂಗಳೂರಿನ ಹೊರವಲಯವೇ ಆಗಿದೆ. ಹಾಗಿದ್ದರೂ ರಾಷ್ಟ್ರೀಯ ಹೆದ್ದಾರಿ 66ರಿಂದ ಪಡುವಕ್ಕೆ ತಿರುಗಿ ಅರ್ಧ ಮೈಲಿ ಹೋದರೆ ವಾಹನಗಳ ಸದ್ದು ಅಡಗಿ, ತೆಂಗಿನ ತೋಟಗಳೂ ಮೀನುಗಾರರ ಮನೆಗಳೂ ಭಜನಾ ಮಂದಿರಗಳೂ ಇರುವ ಶಾಂತವಾದ ಊರುಗಳೇ ಸಿಗುತ್ತವೆ. ಸಸಿಹಿತ್ಲಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಈ ಪಟ್ಟಿ ಹೊರಗಿನವರ ಕಣ್ಣಿಗೂ ಬಿದ್ದಿದೆ. ಇಲ್ಲಿ ಜಾಗ ಅಥವಾ ಮನೆ ಕೊಳ್ಳುವ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಎಲ್ಲರದ್ದೂ ಊರನ್ನಷ್ಟೇ ನಮೂದಿಸಲಾಗಿದೆ.

ಪ್ರಶ್ನೆ: ನಾವು ದಂಪತಿಗಳಿಬ್ಬರೂ ನಿವೃತ್ತ ಶಿಕ್ಷಕರು. ಮಗ ಸುರತ್ಕಲ್ಲಿನಲ್ಲಿ ಉದ್ಯೋಗದಲ್ಲಿರುವುದರಿಂದ ಅವನಿಗೆ ಹತ್ತಿರವಾಗಿ ನೆಲೆಸುವ ಆಸೆಯಿದೆ. ಸಸಿಹಿತ್ಲಿನಲ್ಲಿ ಸಮುದ್ರದಿಂದ 150 ಮೀಟರ್ ದೂರದಲ್ಲಿ 12 ಸೆಂಟ್ಸ್ ಜಾಗ ನೋಡಿದ್ದೇವೆ. ಅಕ್ಕಪಕ್ಕದಲ್ಲಿ ಮನೆಗಳಿವೆ. ಪಂಚಾಯತಿನಿಂದ ಲೈಸೆನ್ಸ್ ಮಾಡಿಸಿಕೊಡುವುದು ತನ್ನ ಹೊಣೆ ಎಂದು ದಲ್ಲಾಳಿ ಹೇಳುತ್ತಾರೆ. ಮುಂಗಡ ಕೊಡಬಹುದೇ?
— ದಾವಣಗೆರೆ

ಉತ್ತರ: ದಯವಿಟ್ಟು ಈಗಲೇ ಮುಂಗಡ ಕೊಡಬೇಡಿ. ಆ ಜಾಗದ ಪಹಣಿ, ಕ್ರಯಪತ್ರ ಎಲ್ಲವೂ ಚೊಕ್ಕವಾಗಿದ್ದರೂ ಅಲ್ಲಿ ನೀವು ಮನೆ ಕಟ್ಟಲು ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಕಡಲ ಬದಿಯಲ್ಲಿ ಜಾಗ ಕೊಂಡು ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರು ಹಕ್ಕುಪತ್ರದ ದೋಷದಿಂದ ಅಲ್ಲ, ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದದ್ದರಿಂದ ಕಷ್ಟಕ್ಕೆ ಸಿಕ್ಕಿದ್ದಾರೆ.

ಸಮುದ್ರದಿಂದ 150 ಮೀಟರ್ ಎಂದು ನಿಮಗೆ ಹೇಳಿದವರು ಎಲ್ಲಿಂದ ಅಳೆದರು ಎಂಬುದನ್ನು ಮೊದಲು ತಿಳಿಯಬೇಕು. ಡಿಸೆಂಬರಿನ ಒಂದು ಮಧ್ಯಾಹ್ನ ನೀರು ನಿಂತ ಜಾಗದಿಂದ ಹೆಜ್ಜೆ ಹಾಕಿ ಅಳೆದರೆ ಬರುವ ದೂರ ಒಂದು, ಕಾನೂನು ಅಳೆಯುವ ದೂರ ಇನ್ನೊಂದು. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತದಲ್ಲಿ ನೀರು ನೆಲದ ಮೇಲೆ ತಲುಪುವ ಅತಿ ಎತ್ತರದ ಗೆರೆಯನ್ನು ಉಬ್ಬರದ ಗರಿಷ್ಠ ರೇಖೆ ಎಂದು ಗುರುತಿಸಿ, ಅಲ್ಲಿಂದ ಒಳನಾಡಿನ ಕಡೆಗೆ 500 ಮೀಟರಿನವರೆಗಿನ ಭೂಮಿಯನ್ನು ಕರಾವಳಿ ನಿಯಂತ್ರಣ ವಲಯ, ಅಂದರೆ ಎಲ್ಲರೂ ಹೇಳುವ ಸಿಆರ್‌ಝಡ್, ಎಂದು ಕೇಂದ್ರ ಸರಕಾರ ಘೋಷಿಸಿದೆ. ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. 2011ರಲ್ಲಿ ಅದನ್ನು ಹೊಸದಾಗಿ ಬರೆದರು, 2019ರ ಜನವರಿಯಲ್ಲಿ ಮತ್ತೊಮ್ಮೆ ಬದಲಾಯಿಸಿದರು. ಉಬ್ಬರದ ರೇಖೆ ಮರಳಿನ ಮೇಲೆ ಕಾಣುವುದಿಲ್ಲ, ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಕಾಣುತ್ತದೆ. ಸರ್ವೆ ನಂಬರುಗಳನ್ನೂ ತೋರಿಸುವ ನಕ್ಷೆಗಳಿವೆ. ಆದ್ದರಿಂದ ನಿಮ್ಮ ಜಾಗದ ಸರ್ವೆ ನಂಬರು, ಹಿಸ್ಸಾ ನಂಬರು ಹಿಡಿದು ಮಂಗಳೂರಿನಲ್ಲಿರುವ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಯಲ್ಲಿ ವಿಚಾರಿಸಿ, ಈ ಜಾಗ ಯಾವ ವರ್ಗದಲ್ಲಿದೆ, ರೇಖೆಯಿಂದ ಎಷ್ಟು ದೂರದಲ್ಲಿದೆ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಬಾಯಿಮಾತಿನ ಉತ್ತರ ಯಾರದ್ದಾದರೂ ಒಪ್ಪಬೇಡಿ.

ವರ್ಗ ಯಾವುದೆಂಬುದರ ಮೇಲೆ ಎಲ್ಲವೂ ನಿಂತಿದೆ. ನಗರಾಡಳಿತದ ಎಲ್ಲೆಯೊಳಗೆ ಆಗಲೇ ಸಾಕಷ್ಟು ಕಟ್ಟಡಗಳು ಬಂದಿರುವ ಪ್ರದೇಶ ಎರಡನೆಯ ವರ್ಗಕ್ಕೆ ಸೇರುತ್ತದೆ. ಅಲ್ಲಿ ಈಗಿರುವ ರಸ್ತೆಯ ಅಥವಾ ಅಧಿಕೃತ ಕಟ್ಟಡಗಳ ಸಾಲಿನ ಒಳನಾಡಿನ ಬದಿಯಲ್ಲಿ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ. ಸಸಿಹಿತ್ಲಿನಂಥ ಗ್ರಾಮ ಪಂಚಾಯತಿನ ಊರುಗಳು ಸಾಮಾನ್ಯವಾಗಿ ಮೂರನೆಯ ವರ್ಗಕ್ಕೆ ಬರುತ್ತವೆ. 2019ರ ಅಧಿಸೂಚನೆ ಇದನ್ನು ಎರಡಾಗಿ ಒಡೆದಿದೆ. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಗ್ರಾಮಗಳಲ್ಲಿ ರೇಖೆಯಿಂದ 50 ಮೀಟರ್ ನಿರ್ಮಾಣ ನಿಷಿದ್ಧ ಪ್ರದೇಶ. ಅದಕ್ಕಿಂತ ವಿರಳವಾಗಿರುವ ಗ್ರಾಮಗಳಲ್ಲಿ ಮೊದಲಿನಂತೆಯೇ 200 ಮೀಟರ್. ನಿಮ್ಮ ಜಾಗ ಹೀಗೆ ಜನ ವಿರಳವಾಗಿರುವ ಗ್ರಾಮದಲ್ಲಿದ್ದರೆ 150 ಮೀಟರ್ ದೂರ ಸಾಲದು, ಅಲ್ಲಿ ನೀವು ಮನೆ ಕಟ್ಟುವಂತಿಲ್ಲ.

ಹಾಗಾದರೆ ಅಕ್ಕಪಕ್ಕದ ಮನೆಗಳು ಹೇಗೆ ಬಂದವು ಎಂದು ನೀವು ಕೇಳಬಹುದು. ಕೆಲವು 1991ಕ್ಕೂ ಮೊದಲಿನವು. ಇನ್ನು ಕೆಲವು ತಲೆತಲಾಂತರದಿಂದ ಕಡಲನ್ನೇ ನಂಬಿ ಬದುಕಿದ ಮೀನುಗಾರ ಕುಟುಂಬಗಳವು. ರೇಖೆಯಿಂದ 100 ಮೀಟರ್ ಮತ್ತು 200 ಮೀಟರುಗಳ ನಡುವೆ ಸಾಂಪ್ರದಾಯಿಕ ಕರಾವಳಿ ಸಮುದಾಯದವರು ವಾಸದ ಮನೆ ಕಟ್ಟಿಕೊಳ್ಳಲು ಅಧಿಸೂಚನೆಯಲ್ಲೇ ಅವಕಾಶವಿದೆ. ಅದು ಅವರ ಬದುಕಿಗಾಗಿ ಉಳಿಸಿಕೊಟ್ಟ ಹಕ್ಕು. ಜಾಗದ ಜೊತೆಗೆ ಅದು ನಿಮ್ಮ ಕೈಗೆ ಬರುವುದಿಲ್ಲ. ಮೀನುಗಾರರ ಹೆಸರಿನಲ್ಲಿ ಲೈಸೆನ್ಸ್ ಪಡೆದು ಹೊರಗಿನವರಿಗೆ ಮನೆ ಕಟ್ಟಿಸಿಕೊಡುವ ದಾರಿಯನ್ನು ಯಾರಾದರೂ ಸೂಚಿಸಿದರೆ ಅದಕ್ಕೆ ಒಪ್ಪಬಾರದು ಎಂದು ನಾನು ಕೈಮುಗಿದು ಹೇಳುತ್ತೇನೆ. ಕಾನೂನಿನ ಅಪಾಯ ಹಾಗಿರಲಿ, ಆ ಊರಿನ ಮಕ್ಕಳಿಗೆ ನಾಳೆ ಮನೆ ಕಟ್ಟಲು ಉಳಿಯಬೇಕಾದ ನೆಲ ಅದು.

ಪಂಚಾಯತಿನ ಲೈಸೆನ್ಸ್ ಇದ್ದರೆ ಸಾಕು ಎಂಬ ನಂಬಿಕೆ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ನೆರೆಯ ಕೇರಳ ಕಂಡಿದೆ. ಕೊಚ್ಚಿಯ ಮರಡಿನಲ್ಲಿ ಪಂಚಾಯತಿನ ಪರವಾನಗಿಯ ಮೇಲೆಯೇ ಎದ್ದ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳನ್ನು, ಸಿಆರ್‌ಝಡ್ ಉಲ್ಲಂಘನೆಯಾಗಿದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ನೀಡಿದ ಆದೇಶದಂತೆ, 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಕೆಡವಲಾಯಿತು. ಹಣ ಕೊಟ್ಟು ಅಲ್ಲಿ ಸಂಸಾರ ಹೂಡಿದ್ದವರು ಕಣ್ಣೆದುರೇ ಮನೆ ಕಳೆದುಕೊಂಡರು.

ಸಸಿಹಿತ್ಲಿನ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅದು ಒಂದೇ ಬದಿಯಲ್ಲಿ ನೀರಿರುವ ಊರಲ್ಲ. ಪಡುವಕ್ಕೆ ಅರಬ್ಬೀ ಸಮುದ್ರ, ಮೂಡಕ್ಕೆ ನಂದಿನಿ ಹೊಳೆ, ಬಡಗಕ್ಕೆ ಶಾಂಭವಿಯೂ ನಂದಿನಿಯೂ ಕೂಡಿ ಕಡಲು ಸೇರುವ ಅಳಿವೆ. ಭರತದ ನೀರು ಹೊಳೆಯೊಳಕ್ಕೂ ಏರುವುದರಿಂದ ಹೊಳೆಯ ದಂಡೆಗೂ ಸಿಆರ್‌ಝಡ್ ಅನ್ವಯಿಸುತ್ತದೆ. 2019ರ ಅಧಿಸೂಚನೆಯಂತೆ ಅಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜಾಗ ಬಿಡಬೇಕು. ಕಡಲಿನಿಂದ ದೂರವಿದೆ ಎಂದು ಸಮಾಧಾನಪಟ್ಟ ಜಾಗ ಹಿಂದಿನ ಹೊಳೆಯ ಲೆಕ್ಕದಲ್ಲಿ ಸಿಕ್ಕಿಬೀಳಬಹುದು. ಅಳಿವೆಯ ಸಮೀಪದ ಮರಳಿನ ದಂಡೆಗಳು ಮಳೆಗಾಲದಿಂದ ಮಳೆಗಾಲಕ್ಕೆ ಸ್ಥಾನ ಬದಲಿಸುವುದೂ ಉಂಟು.

ಕಡಲ್ಕೊರೆತದ ಮಾತು ಇಲ್ಲಿಯೇ ಬರುತ್ತದೆ. ಜೂನಿನಿಂದ ಆಗಸ್ಟಿನವರೆಗೆ ನೈಋತ್ಯ ಮಾರುತದ ದೊಡ್ಡ ಅಲೆಗಳು ದಂಡೆಯ ಮರಳನ್ನು ಎಳೆದೊಯ್ಯುತ್ತವೆ, ಮಳೆ ನಿಂತ ಮೇಲೆ ಶಾಂತವಾದ ಅಲೆಗಳು ಅದರಲ್ಲಿ ಬಹುಪಾಲನ್ನು ತಂದು ಹಾಕುತ್ತವೆ. ಈ ಹೋಗಿಬರುವಿಕೆ ಸಹಜವಾದದ್ದು. ಹೊಳೆಗಳಿಂದ ಬರುವ ಮರಳು ಕಡಿಮೆಯಾದಾಗ ಅಥವಾ ದಡದಿಂದ ಕಡಲಿಗೆ ಚಾಚಿದ ಕಲ್ಲಿನ ಕಟ್ಟೆಗಳು ಮರಳಿನ ಓಟವನ್ನು ತಡೆದಾಗ ಲೆಕ್ಕ ತಪ್ಪುತ್ತದೆ, ಹೋದ ಮರಳು ಹಿಂದಿರುಗುವುದಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಮನೆಗಳೂ ರಸ್ತೆಗಳೂ ಕಡಲ ಪಾಲಾದದ್ದನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ದಲ್ಲಾಳಿಗಳು ಜಾಗದ ಮುಂದಿನ ಕಲ್ಲಿನ ತಡೆಗೋಡೆಯನ್ನು ತೋರಿಸಿ ಇನ್ನು ಭಯವಿಲ್ಲ ಎನ್ನುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದದ್ದು. ಸರಕಾರ ಅಲ್ಲಿ ಕಲ್ಲು ಹಾಕಿದೆ ಎಂದರೆ ಅಲ್ಲಿ ಕಡಲು ಒಮ್ಮೆ ಒಳಗೆ ಬಂದಿತ್ತು ಎಂದು ತಿಳಿಯಬೇಕು, ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಇನ್ನೂ ಜೋರಾಗುತ್ತದೆ ಎಂಬುದನ್ನೂ ಗಮನಿಸಬೇಕು. ಮೂವತ್ತು ವರ್ಷದ ಹಿಂದೆ ದಂಡೆ ಎಲ್ಲಿತ್ತು, ಯಾವ ತೆಂಗಿನ ಸಾಲು ಹೋಯಿತು ಎಂಬುದನ್ನು ಅಲ್ಲಿನ ಹಿರಿಯ ಮೀನುಗಾರರು ಕೈಬೆರಳಿಟ್ಟು ತೋರಿಸಬಲ್ಲರು. ಮುಂಗಡದ ಮಾತಿಗೆ ಮೊದಲು ಅವರ ಬಳಿ ಕುಳಿತು ಕೇಳಿ.

ನಿಮ್ಮ ವಯಸ್ಸಿಗೂ ಅಗತ್ಯಕ್ಕೂ ನನ್ನ ಸಲಹೆ ಇಷ್ಟು: ಕಡಲು ಕಾಣುವ ಜಾಗ ಬಿಟ್ಟು, ಹೆದ್ದಾರಿಗೆ ಸಮೀಪವಾಗಿ, 500 ಮೀಟರಿನ ಆಚೆ, ಹೊಳೆಗೂ ದೂರವಾಗಿ ನೋಡಿ. ಸಂಜೆ ನಡೆದು ಕಡಲಿಗೆ ಹೋಗಿಬರಬಹುದು. ಅಲ್ಲಿಯೂ ಒಂದು ಎಚ್ಚರ ಬೇಕು. ಕರಾವಳಿಯ ಗದ್ದೆಗಳಲ್ಲಿ ಬೆಟ್ಟು, ಮಜಲು, ಬೈಲು ಎಂದು ಎತ್ತರದ ಲೆಕ್ಕದಲ್ಲಿ ಮೂರು ಬಗೆಯಿದೆ. ತಗ್ಗಿನ ಬೈಲಿಗೆ ಕೆಂಪು ಮಣ್ಣು ತುಂಬಿಸಿ ನಿವೇಶನ ಮಾಡಿದ ಜಾಗಗಳು ಬೇಸಗೆಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತವೆ, ಜುಲೈಯಲ್ಲಿ ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಿದು. ದಾವಣಗೆರೆಯ ಮಳೆಯ ಅಂದಾಜಿನಲ್ಲಿ ಜಾಗದ ಎತ್ತರವನ್ನು ಅಳೆಯಬಾರದು.

ಪ್ರಶ್ನೆ: ನಾನು ಅಬುಧಾಬಿಯಲ್ಲಿ ದುಡಿಯುತ್ತಿದ್ದು, ಭಾರತದ ಪಾಸ್‌ಪೋರ್ಟ್ ಹೊಂದಿದ್ದೇನೆ. ಊರು ಹಳೆಯಂಗಡಿ. ಪಕ್ಷಿಕೆರೆ ಕಡೆಯಲ್ಲಿ 70 ಸೆಂಟ್ಸ್ ತೆಂಗಿನ ತೋಟ ಮಾರಾಟಕ್ಕಿದೆ, ಅದರ ಜೊತೆ 40 ಸೆಂಟ್ಸ್ ಕುಮ್ಕಿಯೂ ಬರುತ್ತದೆ ಎನ್ನುತ್ತಾರೆ. ಈಗ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದಂತೆ. ನಾನು ಹಣ ಕಳಿಸಿ ತಮ್ಮನ ಹೆಸರಿನಲ್ಲಿ ಮಾಡಿಸಬಹುದೇ?
— ಅಬುಧಾಬಿ

ಉತ್ತರ: ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ 79ಎ, 79ಬಿ ಕಲಮುಗಳು ಹೋದದ್ದು ನಿಜ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ರಾಜ್ಯ ಕಾನೂನಿನ ತಡೆ ಅದರಿಂದ ನಿವಾರಣೆಯಾಯಿತು. ಆದರೆ ನಿಮಗಿರುವ ತಡೆ ರಾಜ್ಯದ್ದಲ್ಲ, ಕೇಂದ್ರದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯದ್ದು. ಅನಿವಾಸಿ ಭಾರತೀಯರು ಇಲ್ಲಿ ವಾಸದ ಮನೆ, ನಿವೇಶನ, ವಾಣಿಜ್ಯ ಕಟ್ಟಡ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ತಂದೆತಾಯಿಯಿಂದ ಪಿತ್ರಾರ್ಜಿತವಾಗಿ ಬಂದ ತೋಟವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ತಮ್ಮನ ಹೆಸರಿನಲ್ಲಿ ಮಾಡಿಸುವ ಯೋಚನೆ ಗಲ್ಫಿನಲ್ಲಿರುವ ಅನೇಕರಿಗೆ ಬರುತ್ತದೆ. ಹಣ ನಿಮ್ಮದು, ಅನುಭೋಗ ನಿಮ್ಮದು, ಹೆಸರು ಮಾತ್ರ ಇನ್ನೊಬ್ಬರದು ಎಂದಾದರೆ ಅದು ಬೇನಾಮಿ ವ್ಯವಹಾರದ ಕಾಯ್ದೆಯಡಿ ಬರುತ್ತದೆ. ಒಡಹುಟ್ಟಿದವರ ವಿಷಯದಲ್ಲಿ ಆ ಕಾಯ್ದೆ ಕೊಟ್ಟಿರುವ ವಿನಾಯಿತಿ ದಾಖಲೆಯಲ್ಲಿ ಇಬ್ಬರ ಹೆಸರೂ ಜಂಟಿಯಾಗಿ ಇದ್ದರೆ ಮಾತ್ರ ಸಿಗುತ್ತದೆ, ಕೃಷಿ ಜಮೀನಿನ ದಾಖಲೆಗೆ ನಿಮ್ಮ ಹೆಸರು ಸೇರಿಸಲು ಮೇಲೆ ಹೇಳಿದ ಕಾನೂನು ಬಿಡುವುದಿಲ್ಲ. ಎರಡು ಬಾಗಿಲೂ ಮುಚ್ಚಿರುವಾಗ ತಮ್ಮನನ್ನು ನಡುವೆ ನಿಲ್ಲಿಸಬೇಡಿ. ಇಂಥ ಏರ್ಪಾಡುಗಳಿಂದ ಹತ್ತಿಪ್ಪತ್ತು ವರ್ಷಗಳ ಮೇಲೆ ಅಣ್ಣತಮ್ಮಂದಿರ ಮಕ್ಕಳು ನ್ಯಾಯಾಲಯದಲ್ಲಿ ಎದುರುಬದುರಾಗುತ್ತಾರೆ. ನಿಮಗೆ ಮನೆಯೇ ಬೇಕಾಗಿದ್ದರೆ, ಭೂ ಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಭೂಪರಿವರ್ತನೆ ಆಗಿ, ಏಕ ನಿವೇಶನ ನಕ್ಷೆಗೆ ಮಂಜೂರಾತಿ ದೊರೆತು, ಪಂಚಾಯತಿನ 9/11 (ಆಸ್ತಿ ದಾಖಲೆಯ ನಮೂನೆ 9 ಮತ್ತು 11) ಸಿಕ್ಕಿರುವ ಜಾಗವನ್ನು ಮಾತ್ರ ನಿಮ್ಮದೇ ಹೆಸರಿನಲ್ಲಿ, ಅನಿವಾಸಿಗಳಿಗೆಂದೇ ಇರುವ ನಿಮ್ಮ ಎನ್ಆರ್‌ಇ ಅಥವಾ ಎನ್ಆರ್‌ಒ ಬ್ಯಾಂಕ್ ಖಾತೆಯ ಹಣದಿಂದ ಕೊಳ್ಳಿ. ಪರಿವರ್ತನೆ ಮಾರುವವರ ಕೆಲಸ. ಮಾಡಿಸಿ ಕೊಟ್ಟ ಮೇಲೆ ಕ್ರಯ ಎಂದು ಕರಾರಿನಲ್ಲೇ ಬರೆಸಬೇಕು.

ಕುಮ್ಕಿಯ ಬಗ್ಗೆ ಹೊರಜಿಲ್ಲೆಯವರಿಗೂ ತಿಳಿಯಲೆಂದು ಸ್ವಲ್ಪ ವಿವರಿಸುತ್ತೇನೆ. ದಕ್ಷಿಣ ಕನ್ನಡದಲ್ಲಿ ಹಳೆಯ ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಖಾಸಗಿ ಹಿಡುವಳಿಯ, ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ತೆಗೆದುಕೊಳ್ಳುವ ಸವಲತ್ತು ವರ್ಗದಾರನಿಗೆ ಇತ್ತು. ಆ ನೆಲವೇ ಕುಮ್ಕಿ. ಅದು ಇಂದಿಗೂ ಸರಕಾರದ್ದೇ, ಪಹಣಿಯೂ ಸರಕಾರದ ಹೆಸರಿನಲ್ಲೇ ಇರುತ್ತದೆ. ಸವಲತ್ತು ಇದ್ದವರು ಒಡೆತನವನ್ನು ಮಾರಲು ಬರುವುದಿಲ್ಲ. 70 ಸೆಂಟ್ಸಿಗೆ ಬೆಲೆ ಕಟ್ಟಬಹುದು, 40 ಸೆಂಟ್ಸ್ ಕುಮ್ಕಿಗೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಮನೆಗೆ ಹೋಗುವ ದಾರಿ ಆ ಕುಮ್ಕಿಯ ಮೇಲೆಯೇ ಇದೆಯೇ ಎಂದೂ ನೋಡಿಕೊಳ್ಳಿ. ದರ್ಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರಕಾರದಿಂದ ಮಂಜೂರಾಗಿ, ಸಿಕ್ಕ ಜಮೀನಾಗಿದ್ದರೆ ಮಂಜೂರಾತಿ ಆದೇಶವನ್ನೇ ಓದಬೇಕು. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯಂತೆ ಸರಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ, ಎಷ್ಟು ವರ್ಷ ಕಳೆದರೂ ನಿಲ್ಲುವುದಿಲ್ಲ ಎಂಬುದನ್ನು 2023ರ ತಿದ್ದುಪಡಿ ಖಚಿತಪಡಿಸಿದೆ.

ನೀವು ಊರಿಗೆ ಬರಲಾಗದೆ ಮುಖ್ತ್ಯಾರ್ ಪತ್ರ ಕಳುಹಿಸುವುದಾದರೆ ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ, ಅದು ಭಾರತ ತಲುಪಿದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಯಾವ ಸರ್ವೆ ನಂಬರು, ಯಾವ ಕೆಲಸ ಎಂದು ಹೆಸರಿಸಿ ಬರೆಸಿ. ಎಲ್ಲ ಅಧಿಕಾರವನ್ನೂ ಒಟ್ಟಾಗಿ ಕೊಡುವ ಪತ್ರ ಬೇಡ.

ಪ್ರಶ್ನೆ: ಮೂಲ್ಕಿಯ ಬಳಿ 28 ಸೆಂಟ್ಸ್ ಜಾಗದಲ್ಲಿ ಹಂಚಿನ ಹಳೆಯ ಮನೆ ಮಾರಾಟಕ್ಕಿದೆ. ದಸರಾ ರಜೆಯಲ್ಲಿ ಹೋಗಿ ನೋಡಿದೆವು. ಬಾವಿಯಲ್ಲಿ ಕೈಗೆಟುಕುವಷ್ಟು ನೀರಿತ್ತು, ಕುಡಿದರೆ ಸಿಹಿಯಾಗಿತ್ತು. ಬೆಲೆಯೂ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಮನೆಯಲ್ಲಿರುವ ಹಿರಿಯರೊಬ್ಬರು ತಮ್ಮ ಹೆಸರಿನಲ್ಲೇ ಪಹಣಿ ಇದೆ ಎನ್ನುತ್ತಾರೆ. ಏನೇನು ನೋಡಬೇಕು?
— ಬೆಂಗಳೂರು

ಉತ್ತರ: ದಸರಾದ ಹೊತ್ತಿಗೆ ಕರಾವಳಿಯಲ್ಲಿ ನೀರಿಲ್ಲದ ಬಾವಿಯೇ ಇರುವುದಿಲ್ಲ. ನಾಲ್ಕು ತಿಂಗಳ ಮಳೆ ಆಗಷ್ಟೇ ಮುಗಿದಿರುತ್ತದೆ. ನೀವು ಆ ಬಾವಿಯನ್ನು ಏಪ್ರಿಲ್ ಕೊನೆಯಿಂದ ಮೇ ಮೂರನೆಯ ವಾರದೊಳಗೆ, ಮೊದಲ ಮಳೆ ಬೀಳುವ ಮುನ್ನ ಇನ್ನೊಮ್ಮೆ ನೋಡಬೇಕು. ಅದುವರೆಗೆ ಕಾಯಲು ಮಾರುವವರು ಒಪ್ಪದಿದ್ದರೆ ಅವರ ಅವಸರಕ್ಕೆ ಕಾರಣವೇನೆಂದು ಯೋಚಿಸಿ.

ಕಡಲಿನ ಸಮೀಪ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರು ಹಗುರ, ಕಡಲ ನೀರು ಭಾರ. ಸ್ಥೂಲವಾಗಿ ಹೇಳುವುದಾದರೆ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ 40 ಅಡಿಯಷ್ಟು ಆಳಕ್ಕೆ ಸಿಹಿನೀರೇ ಇರುತ್ತದೆ. ಇದರ ಇನ್ನೊಂದು ಮುಖ ಭಯ ಹುಟ್ಟಿಸುವಂಥದ್ದು. ಪಂಪು ಹಾಕಿ ಮೇಲಿನ ಮಟ್ಟವನ್ನು 1 ಅಡಿ ಇಳಿಸಿದರೆ ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು 40 ಅಡಿ ಮೇಲಕ್ಕೆ ಬರಲು ದಾರಿಯಾಗುತ್ತದೆ. ನಮ್ಮ ಹಿರಿಯರು ಅಗಲವಾದ, ಆಳ ಕಡಿಮೆಯ ಬಾವಿ ತೋಡಿ, ಕೊಡದಲ್ಲಿ ಸೇದಿ ಬಳಸುತ್ತಿದ್ದುದರಿಂದ ಮೇಲಿನ ಸಿಹಿನೀರಿನ ಪದರ ಕದಡದೆ ಉಳಿಯುತ್ತಿತ್ತು. ಈಗ ನೆರೆಯ ನಾಲ್ಕು ಮನೆಗಳವರು ಬೋರು ಕೊರೆಸಿದರೆ ನಿಮ್ಮ ತೆರೆದ ಬಾವಿಯ ರುಚಿಯೂ ಕೆಡುತ್ತದೆ. ಮೂರನೆಯ ವರ್ಗದ ಸಿಆರ್‌ಝಡ್ ಪ್ರದೇಶದಲ್ಲಿ 200ರಿಂದ 500 ಮೀಟರಿನ ನಡುವೆ ಸಾಮಾನ್ಯ ಬಾವಿಯಿಂದ, ಕೈಯಿಂದ ಸೇದಿ, ಬೇರೆ ಮೂಲ ಇಲ್ಲದಿದ್ದಾಗ ಮಾತ್ರ ನೀರು ತೆಗೆಯಬಹುದು ಎಂಬ ನಿಯಮ ಬಂದಿರುವುದಕ್ಕೆ ಕಾರಣ ಇದೇ.

ಆದ್ದರಿಂದ ಮೇ ತಿಂಗಳಲ್ಲಿ ಹೋದಾಗ ಬೆಳಗ್ಗೆ ಒಂದು ಬಾಟಲಿ ನೀರು ತೆಗೆದಿಡಿ. ಪಂಪಿದ್ದರೆ ಎರಡು ಗಂಟೆ ಓಡಿಸಿ, ಆಮೇಲೆ ಇನ್ನೊಂದು ಬಾಟಲಿ ತುಂಬಿಸಿ. ಎರಡನ್ನೂ ಪ್ರಯೋಗಾಲಯಕ್ಕೆ ಕೊಟ್ಟು ಕ್ಲೋರೈಡ್ ಎಷ್ಟಿದೆ ಎಂದು ಕೇಳಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1,000ದವರೆಗೆ ಸಹಿಸಬಹುದು. ಎರಡನೆಯ ಬಾಟಲಿಯ ಅಂಕಿ ಮೊದಲನೆಯದಕ್ಕಿಂತ ಬಹಳ ಹೆಚ್ಚಿದ್ದರೆ ಆ ಬಾವಿ ಸಂಸಾರವೊಂದಕ್ಕೆ ಸಾಲಬಹುದೇ ಹೊರತು ತೋಟಕ್ಕೂ ಬಾಡಿಗೆ ಮನೆಗಳಿಗೂ ಸಾಲದು. ಪಕ್ಕದ ಮನೆಯ ಹೆಂಗಸರನ್ನೂ ವಿಚಾರಿಸಿ. ಬೇಸಗೆಯಲ್ಲಿ ಬೇಳೆ ಬೇಯುತ್ತದೆಯೇ, ಸೋಪು ನೊರೆ ಬರುತ್ತದೆಯೇ, ಕುಡಿಯಲು ನಳ್ಳಿ ನೀರು ಹಿಡಿದಿಡುತ್ತಾರೆಯೇ ಎಂಬ ಮೂರು ಮಾತುಗಳಿಗೆ ಅವರು ಕೊಡುವ ಉತ್ತರ ಪ್ರಯೋಗಾಲಯದ ವರದಿಯಷ್ಟೇ ನಂಬಿಕೆಗೆ ಅರ್ಹ. ನೀರು ಚೆನ್ನಾಗಿದೆ ಎಂದು ಖಚಿತವಾದರೆ ಆ ಮನೆಗೆ ಇನ್ನೂ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ ಎಂದೇ ನಾನು ಹೇಳುತ್ತೇನೆ. ಮೇ ತಿಂಗಳ ಸಿಹಿನೀರಿಗೆ ಸಮನಾದ ಆಸ್ತಿ ಕಡಲ ಬದಿಯಲ್ಲಿ ಬೇರೊಂದಿಲ್ಲ.

ಇನ್ನು ದಾಖಲೆ. ಪಹಣಿಯಲ್ಲಿ ಒಬ್ಬರ ಹೆಸರಿದೆ ಎಂದ ಮಾತ್ರಕ್ಕೆ ಅವರೊಬ್ಬರೇ ಒಡೆಯರೆಂದು ತಿಳಿಯಬಾರದು. ತುಳುನಾಡಿನ ಅನೇಕ ಕುಟುಂಬಗಳು ಅಳಿಯಸಂತಾನ ಕಟ್ಟಿಗೆ ಸೇರಿದವು. ಅಲ್ಲಿ ಹಳೆಯ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬಂದಿದ್ದು, ಯಜಮಾನರ ಹೆಸರಿನಲ್ಲಿ ದಾಖಲೆ ಇದ್ದರೂ ಪಾಲು ಅಕ್ಕತಂಗಿಯರ ಮಕ್ಕಳು, ಮೊಮ್ಮಕ್ಕಳಿಗೂ ಇರುತ್ತದೆ. 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ಹೆಣ್ಣಿನ ಸಂತತಿಯ ಕವಲುಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಲೆಕ್ಕ ಇನ್ನಷ್ಟು ಕವಲೊಡೆಯಿತು. ನೋಂದಾಯಿತ ಪಾಲುಪಟ್ಟಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ವಂಶವೃಕ್ಷ ಬರೆಸಿ, ಮುಂಬಯಿಯಲ್ಲಿರುವವರು, ಗಲ್ಫಿನಲ್ಲಿರುವವರು ಸೇರಿದಂತೆ ಎಲ್ಲ ಪಾಲುದಾರರ ಸಹಿಯನ್ನೂ ಕ್ರಯಪತ್ರಕ್ಕೇ ಹಾಕಿಸಬೇಕು. ಬೆಲೆ ಕಡಿಮೆ ಇರುವುದಕ್ಕೆ ಕಾರಣ ಈ ಸಹಿಗಳ ತೊಡಕೇ ಆಗಿರಬಹುದು. ಮೂಲಗೇಣಿಯ (ಶಾಶ್ವತ ಗೇಣಿಯ) ಜಾಗವಾಗಿದ್ದರೆ ಮೂಲಗೇಣಿದಾರರಿಗೆ ಒಡೆತನ ಕೊಡುವ 2011ರ ಕಾಯ್ದೆಯಡಿ ಏನಾಗಿದೆ ಎಂಬುದನ್ನು ಸ್ಥಳೀಯ ವಕೀಲರಿಂದಲೇ ಪರಿಶೀಲಿಸಿ.

ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಪಡೆಯಬಹುದು, ಆದರೆ ಗಣಕೀಕೃತ ಮಾಹಿತಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ. ಅದಕ್ಕಿಂತ ಹಿಂದಿನದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೈಬರಹದ ಪುಸ್ತಕಗಳಿಂದ ತೆಗೆಸಬೇಕು. ಪಹಣಿಯಲ್ಲಿ ಜಾಗವನ್ನು ನಂಜ (ನೀರಾವರಿ ಗದ್ದೆ), ಬಾಗಾಯ್ತು (ತೋಟ), ಪುಂಜ (ಒಣ ಭೂಮಿ) ಎಂದು ತೋರಿಸಿದ್ದು ಪರಿವರ್ತನೆ ಆಗಿಲ್ಲದಿದ್ದರೆ ಬ್ಯಾಂಕಿನ ಸಾಲಕ್ಕೂ ಮುಂದಿನ ಕಟ್ಟಡಕ್ಕೂ ತೊಂದರೆ. ಮನೆ ಸಿಆರ್‌ಝಡ್ ಒಳಗಿದ್ದರೆ 1991ಕ್ಕಿಂತ ಹಿಂದಿನ ಮನೆ ತೆರಿಗೆ ರಶೀದಿಗಳನ್ನು ಕೇಳಿ ಪಡೆಯಿರಿ. ಅಧಿಕೃತವಾಗಿದ್ದ ಹಳೆಯ ಮನೆಯನ್ನು ಅದೇ ತಳಪಾಯದ ವಿಸ್ತೀರ್ಣದಲ್ಲಿ ದುರಸ್ತಿ ಮಾಡಲು, ಮತ್ತೆ ಕಟ್ಟಲು ಅವಕಾಶವಿದೆ, ಅದಕ್ಕೆ ಆ ರಶೀದಿಗಳೇ ಆಧಾರ.

ಜಾಗದ ಮೂಲೆಯಲ್ಲಿ ನಾಗಬನವೋ ದೈವದ ಗುಡಿಯೋ ಇದ್ದರೆ ಕ್ರಯಕ್ಕೆ ಮೊದಲೇ ಮಾತು ಇತ್ಯರ್ಥವಾಗಲಿ. ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲ, ಆಶ್ಲೇಷಾ ಬಲಿ ಎಂಬ ಪೂಜೆಗಳಿಗೆ ಬರುತ್ತಾರೆ, ಬರಲೇಬೇಕು. ಆ ಅಂಶವನ್ನು ಕ್ರಯದಿಂದ ಹೊರಗಿಟ್ಟು, ಹೋಗಿಬರಲು ದಾರಿ ಬಿಟ್ಟು, ನಕ್ಷೆಯಲ್ಲಿ ಗುರುತಿಸಿ ಬರೆಸುವುದು ಇಬ್ಬರಿಗೂ ಗೌರವದ ಮಾರ್ಗ.

ಪ್ರಶ್ನೆ: ಮಂಗಳೂರಿನಲ್ಲಿ ಇಬ್ಬರೂ ಕೆಲಸ ಮಾಡುತ್ತೇವೆ. ಸುರತ್ಕಲ್ ಮತ್ತು ಮುಕ್ಕದ ನಡುವೆ ಸಮುದ್ರ ಕಾಣುವ ಫ್ಲಾಟ್ ನೋಡುತ್ತಿದ್ದೇವೆ. ಕಟ್ಟಡಕ್ಕೆ ಆರು ವರ್ಷವಾಗಿದೆ. ಉಪ್ಪು ಗಾಳಿಗೆ ಕಟ್ಟಡ ಬೇಗ ಹಾಳಾಗುತ್ತದೆ ಎಂಬುದು ನಿಜವೇ?
— ಮಂಗಳೂರು

ಉತ್ತರ: ನಿಜ, ಆದರೆ ಚೆನ್ನಾಗಿ ಕಟ್ಟಿದ ಕಟ್ಟಡ ಅಷ್ಟು ಬೇಗ ಹಾಳಾಗುವುದಿಲ್ಲ. ಗಾಳಿಯಲ್ಲಿರುವ ಉಪ್ಪಿನಂಶ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿನ ಕಬ್ಬಿಣ ತಲುಪಿ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಇದನ್ನು ತಡೆಯಲೆಂದೇ ಕರಾವಳಿಯ ವಾತಾವರಣಕ್ಕೆ ಒಡ್ಡಿಕೊಳ್ಳುವ ಕಾಂಕ್ರೀಟು ಕನಿಷ್ಠ ಎಂ30 ದರ್ಜೆಯದಿರಬೇಕು, ಸರಳಿನ ಮೇಲಿನ ಹೊದಿಕೆ 45 ಮಿಲಿಮೀಟರ್ ಇರಬೇಕು ಎಂದು ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಹೇಳುತ್ತದೆ. ರಚನಾ ವಿನ್ಯಾಸದ ನಕ್ಷೆಯಲ್ಲಿ ಈ ಎರಡು ಅಂಕಿಗಳು ಇವೆಯೇ ಎಂದು ಎಂಜಿನಿಯರರೊಬ್ಬರಿಂದ ನೋಡಿಸಿ.

ನೀವೇ ನೋಡಬಹುದಾದ ಜಾಗಗಳೂ ಇವೆ. ಮಾದರಿ ಫ್ಲಾಟಿನ ಒಳಗೆ ಸಮಯ ಕಳೆಯುವ ಬದಲು ಕಟ್ಟಡದ ಪಡುಬದಿಗೆ ಹೋಗಿ ಬಾಲ್ಕನಿಗಳ ತಳಭಾಗ, ಕಿಟಕಿಯ ಮೇಲಿನ ಚಜ್ಜಾ, ನೀರಿನ ಟ್ಯಾಂಕಿಯ ಕೆಳಗಿನ ತೊಲೆ, ಕೆಳಗಿನ ಪಾರ್ಕಿಂಗಿನ ಕಂಬಗಳ ಬುಡ, ಇವುಗಳನ್ನು ನೋಡಿ. ಸರಳಿನ ಉದ್ದಕ್ಕೆ ಸಾಗುವ ಕೂದಲೆಳೆಯ ಬಿರುಕು, ಕಂದು ಬಣ್ಣದ ಕಲೆ, ತಟ್ಟಿದರೆ ಟೊಳ್ಳು ಸದ್ದು ಬರುವ ಗಿಲಾವು ಕಂಡರೆ ಒಳಗೆ ತುಕ್ಕು ಆರಂಭವಾಗಿದೆ. ಆರು ವರ್ಷದ ಕಟ್ಟಡದಲ್ಲಿ ಹೀಗೆ ಕಂಡರೆ ಬಣ್ಣ ಬಳಿದು ಮುಚ್ಚುವ ದೋಷ ಅದಲ್ಲ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯಂತೆ ಸ್ವಾಧೀನ ಕೊಟ್ಟಂದಿನಿಂದ 5 ವರ್ಷದೊಳಗೆ ಕಾಣಿಸುವ ರಚನಾ ದೋಷವನ್ನು ಕಟ್ಟಿದವರೇ ಸರಿಪಡಿಸಬೇಕು. ನಿಮ್ಮ ಕಟ್ಟಡಕ್ಕೆ ಆ ಅವಧಿ ಮುಗಿದಿರುವ ಸಾಧ್ಯತೆಯೇ ಹೆಚ್ಚು. ವಾಸಯೋಗ್ಯ ಪ್ರಮಾಣಪತ್ರದ ಪ್ರತಿಯನ್ನೂ ಕಟ್ಟಡಕ್ಕೆ ಸಿಆರ್‌ಝಡ್ ಅನುಮತಿ ಬೇಕಿತ್ತೇ, ದೊರೆತಿತ್ತೇ ಎಂಬುದರ ದಾಖಲೆಯನ್ನೂ ಸಂಘದ ಕಾರ್ಯದರ್ಶಿಗಳಿಂದ ಪಡೆಯಿರಿ.

ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಶೇಕಡಾ 1ರಷ್ಟನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಎಂದು ಕಡಿತ ಮಾಡಿ ಸರಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಅನಿವಾಸಿಗಳಾಗಿದ್ದರೆ ನಿಯಮವೂ ದರವೂ ಬೇರೆ, ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕೊಡಬೇಡಿ.

ಪ್ರಶ್ನೆ: ಪತಿ ತೀರಿಕೊಂಡಿದ್ದಾರೆ, ಮಕ್ಕಳು ಹೊರದೇಶದಲ್ಲಿದ್ದಾರೆ. ಮುಕ್ಕದ ಬಳಿ ಸಣ್ಣ ಮನೆ ಕೊಂಡು ಒಬ್ಬಳೇ ಇರುವುದು ಸರಿಯಾದೀತೇ? ಶಾಂತಿ ಬೇಕು, ಆದರೆ ಒಂಟಿತನದ ಭಯವೂ ಇದೆ.
— ಶಿವಮೊಗ್ಗ

ಉತ್ತರ: ಅಮ್ಮಾ, ಊರಿನ ಆಯ್ಕೆ ಚೆನ್ನಾಗಿದೆ. ಮುಕ್ಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಸುರತ್ಕಲ್ಲಿನಲ್ಲಿ ಕೊಂಕಣ ರೈಲ್ವೆಯ ನಿಲ್ದಾಣವಿದೆ, ಹೆದ್ದಾರಿಯಲ್ಲಿ ಮಂಗಳೂರಿಗೂ ಉಡುಪಿಗೂ ಬಸ್ಸುಗಳು ಓಡಾಡುತ್ತಿರುತ್ತವೆ. ನೋಡಬೇಕಾದದ್ದು ಹೆದ್ದಾರಿಯಿಂದ ನಿಮ್ಮ ಬಾಗಿಲಿನವರೆಗಿನ ದೂರವನ್ನು. ಹತ್ತು ನಿಮಿಷ ನಡೆದು ತಲುಪುವಂತಿರಲಿ, ದಾರಿಯಲ್ಲಿ ಜನ ವಾಸವಿರುವ ಮನೆಗಳಿರಲಿ. ಈ ಪಟ್ಟಿಯಲ್ಲಿ ಬೀಗ ಹಾಕಿದ ದೊಡ್ಡ ಮನೆಗಳ ಸಾಲುಗಳಿವೆ. ಒಡೆಯರು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದು ವರ್ಷಕ್ಕೊಮ್ಮೆ ಬರುತ್ತಾರೆ. ಅಂಥ ಸಾಲಿನ ನಡುವೆ ಶಾಂತಿ ಧಾರಾಳವಾಗಿ ಸಿಗುತ್ತದೆ, ರಾತ್ರಿ ಕರೆದರೆ ಓಗೊಡುವವರು ಸಿಗುವುದಿಲ್ಲ. ಸಂಜೆ ಏಳರ ಮೇಲೆ ಒಮ್ಮೆ ಹೋಗಿ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತದೆ ಎಂದು ನೋಡಿ ಬನ್ನಿ.

ಕೊಳ್ಳುವ ಮೊದಲು ಜೂನ್, ಜುಲೈ ತಿಂಗಳುಗಳಲ್ಲಿ ಅಲ್ಲಿಯೇ ಬಾಡಿಗೆಗೆ ಇದ್ದು ನೋಡುವುದು ಒಳ್ಳೆಯದು. ಶಿವಮೊಗ್ಗದ ಮಳೆ ನಿಮಗೆ ಹೊಸದಲ್ಲ, ಆದರೆ ಕಡಲ ಗಾಳಿ ಹೊಸದು. ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ ಕೆಲವೊಮ್ಮೆ ಮರುದಿನವೇ ಬರುವುದು, ಆದ್ದರಿಂದ ಇನ್ವರ್ಟರ್ ಇರಲೇಬೇಕು. ಮನೆಯ ಮೇಲೆ ವಾಲಿದ ತೆಂಗಿನ ಮರಗಳಿದ್ದರೆ ಮಳೆಗಾಲಕ್ಕೆ ಮೊದಲೇ ಕಾಯಿ, ಒಣ ಮಡಲು ಇಳಿಸಬೇಕು, ಈಗ ಮರ ಹತ್ತುವವರು ಸಿಗುವುದೇ ಕಷ್ಟ. ಬಟ್ಟೆ, ಪುಸ್ತಕಗಳಿಗೆ ಬೂಸು ಹಿಡಿಯುತ್ತದೆ, ಬಾಗಿಲಿನ ಬಿಜಾಗರಿ, ಬೀಗಗಳಿಗೆ ಎಣ್ಣೆ ಹಾಕುತ್ತಿರಬೇಕು.

ನೆರೆಹೊರೆಯ ಮಾತು ಕೊನೆಗೆ ಹೇಳುತ್ತಿದ್ದರೂ ನಿಮಗೆ ಅದೇ ಮುಖ್ಯ. ಪಡುಬದಿಯಲ್ಲಿ ಹೆಚ್ಚಾಗಿ ಮೊಗವೀರ ಕುಟುಂಬಗಳಿವೆ. ಕಡಲಿಗೆ ಹೋಗುವ ದಾರಿ, ದೋಣಿ ಎಳೆದಿಡುವ ಜಾಗ, ಬಲೆ ಒಣಗಿಸುವ ಮರಳು, ಕೈರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯಲು ಜನ ಸೇರುವ ದಂಡೆ, ಇವೆಲ್ಲ ಯಾರ ಪಹಣಿಯಲ್ಲೂ ಇಲ್ಲದಿದ್ದರೂ ತಲೆಮಾರುಗಳಿಂದ ಅವರ ಬಳಕೆಯಲ್ಲಿವೆ. ನೀವು ನೋಡಿದ ಮನೆಯ ಹಿಂದಿನ ಒಡೆಯರು ಆ ದಾರಿಗೆ ಅಡ್ಡವಾಗಿ ಕಾಂಪೌಂಡು ಕಟ್ಟಿದ್ದಾರೆಯೇ ಎಂದು ವಿಚಾರಿಸಿ. ಕಟ್ಟಿದ್ದರೆ ಅದನ್ನು ತೆರವು ಮಾಡಿಸಿದ ಮೇಲೆ ಮನೆ ಕೊಳ್ಳಿ, ಇಲ್ಲವಾದರೆ ಅವರು ಕಟ್ಟಿಕೊಂಡ ಜಗಳ ನಿಮ್ಮ ಪಾಲಿಗೆ ಬರುತ್ತದೆ. ಹತ್ತಿರದ ಭಜನಾ ಮಂದಿರದಲ್ಲಿ ವಾರದ ಭಜನೆ ಯಾವ ದಿನ ಎಂದು ಕೇಳಿಕೊಂಡು ಬಾಡಿಗೆಗಿರುವಾಗಲೇ ಹೋಗಿಬರಲು ಆರಂಭಿಸಿ. ಯಾವ ಬಾವಿಯ ನೀರು ಮೇ ತಿಂಗಳಲ್ಲಿ ಉಪ್ಪಾಗುತ್ತದೆ, ಯಾವ ಮನೆಯ ಅಂಗಳಕ್ಕೆ ಜುಲೈಯಲ್ಲಿ ನೀರು ನುಗ್ಗುತ್ತದೆ ಎಂಬುದು ಅಲ್ಲಿ ಬರುವ ಹೆಂಗಸರಿಗೆ ಗೊತ್ತಿರುತ್ತದೆ, ಕೊಳ್ಳುವ ಮನೆಯನ್ನು ಅವರ ಮಾತು ಕೇಳಿದ ಮೇಲೆಯೇ ನಿಶ್ಚಯಿಸಿ.